ಹಂಗಿಲ್ಲದ ಊರು

ನಾರ್ವೆಯ ಬರ್ಗೆನ್‌ಗೆ ಬಂದ ಮೊದಲ ವರ್ಷ ಚೌತಿಗೆ ಹಾಲುಬಾಯಿ ಮಾಡಿದ್ದೆ. ಅಕ್ಕಿ, ಕಾಯಿ, ಬೆಲ್ಲ ಎಲ್ಲಾ ಇಲ್ಲಿನ ಏಷ್ಯನ್ ಅಂಗಡಿಯದ್ದೇ. ಆದರೂ ಕೈ ಬಿಡದೆ ತಿರುವುತ್ತಾ, ಅದು ತಳ ಬಿಡುವ ಹೊತ್ತಿಗೆ, ಮನೆ ತುಂಬಾ ಅಮ್ಮನ ಅಡುಗೆಮನೆಯ ಪರಿಮಳ ಬಂತು. ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ, ಸ್ಟೀಲ್ ಡಬ್ಬಿಯಲ್ಲಿ ಎಂಟು ತುಂಡು ಇಟ್ಟು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಬಂದೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಬ್ರೂನೋಸ್ಟ್ ಥರ ಇದೆಯಲ್ಲಾ" ಎಂದರು. ಬ್ರೂನೋಸ್ಟ್ ಎಂದರೆ ಇಲ್ಲಿನ ಕಂದು ಚೀಸ್. ಹಾಲು ಒಡೆದ ನೀರನ್ನು ಗಂಟೆಗಟ್ಟಲೆ ಕುದಿಸಿ, ಅದರೊಳಗಿನ ಸಕ್ಕರೆ ಕಂದು ತಿರುಗುವ ತನಕ ಕಾಯಿಸಿ ಮಾಡುತ್ತಾರೆ. ಮೊದಲ ಸಲ ತಿಂದಾಗ ನನಗೆ ಧಾರವಾಡ ಪೇಡೆ ನೆನಪಾಗಿತ್ತು. ಸ್ವಲ್ಪ ಉಪ್ಪು ಹಾಕಿದ ಪೇಡೆ.

ಮೂರನೇ ದಿನ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಕೆಗೆ ಒಂದು ಬಟ್ಟೆಚೀಲ ನೇತಾಡುತ್ತಿತ್ತು. ಒಳಗೆ ನಮ್ಮ ಡಬ್ಬಿ. ತೊಳೆದು ಒರೆಸಿ ಇಟ್ಟಿದ್ದರು, ನಾನು ಕೊಟ್ಟಾಗಿನಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. ಮುಚ್ಚಳ ತೆಗೆದರೆ ಮಡಚಿದ ಚೀಟಿ. "ತಕ್ ಫೋರ್ ಮಾತೆನ್." ಊಟಕ್ಕೆ ಧನ್ಯವಾದ. ಬೇರೇನೂ ಇರಲಿಲ್ಲ.

ನಾನು ಆ ಖಾಲಿ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಕುಂದಾಪುರದ ಕಡೆ ನಮ್ಮೂರಿನಲ್ಲಿ ಯಾರೂ ಖಾಲಿ ಪಾತ್ರೆ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಹರಿವೆ ಸೊಪ್ಪು, ಎರಡು ಮಾವಿನಕಾಯಿ, ಒಂದು ಅಚ್ಚು ಬೆಲ್ಲ. ಹಾಗಾಗಿ ಪಾತ್ರೆ ಯಾವತ್ತೂ ನಿಂತಲ್ಲಿ ನಿಲ್ಲುವುದಿಲ್ಲ. ಅವರ ಮನೆಯದ್ದು ನಮ್ಮಲ್ಲಿ, ನಮ್ಮದು ಇನ್ಯಾರದೋ ಮನೆಯಲ್ಲಿ. ಅಮ್ಮ ಪಾತ್ರೆಗಳ ಮೇಲೆ ಹೆಸರು ಬರೆಸಿದ್ದೇ ಅದಕ್ಕೆ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಎಂದೂ ಮುಗಿಯುತ್ತಿರಲಿಲ್ಲ. ಮುಗಿಯಬೇಕು ಅಂತ ಯಾರಿಗೂ ಇರಲಿಲ್ಲ.

ಇಲ್ಲಿ ಲೆಕ್ಕ ಅವತ್ತಿಂದವತ್ತಿಗೆ ಮುಗಿಯುತ್ತದೆ. ಆಫೀಸಿನ ಗೆಳತಿಯೊಬ್ಬಳಿಗೆ ಕಾಫಿ ಕೊಡಿಸಿದರೆ, ನಾನು ಮೇಜಿಗೆ ಬಂದು ಕೂರುವಷ್ಟರಲ್ಲಿ ಫೋನ್ ಟಿಣ್ ಅನ್ನುತ್ತದೆ. ಅವಳು ವಿಪ್ಸ್‌ನಲ್ಲಿ ದುಡ್ಡು ಹಾಕಿರುತ್ತಾಳೆ. ವಿಪ್ಸ್ ಎಂದರೆ ನಮ್ಮ ಫೋನ್‌ಪೇ ಇದ್ದ ಹಾಗೆ. ಮಕ್ಕಳಿಂದ ಮುದುಕರ ತನಕ ಎಲ್ಲರ ಬಳಿ ಇದೆ. ಮೊದಲ ಸಲ ನನಗೆ ಅವಮಾನ ಆದ ಹಾಗಾಯಿತು. ನಾನು ಕೊಡಿಸಿದ್ದು ಅವಳಿಗೆ ಬೇಡವಾಯಿತಾ? ಆಮೇಲೆ ಗೊತ್ತಾಯಿತು, ಅವಳ ಪಾಲಿಗೆ ಅದು ಮರ್ಯಾದೆ. ನಿನ್ನ ಮೇಲೆ ಭಾರ ಹಾಕುವುದಿಲ್ಲ, ನೀನೂ ನನ್ನ ಮೇಲೆ ಹಾಕಬೇಡ ಎನ್ನುವ ಮರ್ಯಾದೆ.

ನಮ್ಮಲ್ಲಿ ಇದಕ್ಕೊಂದು ಮಾತಿದೆ, ಹಂಗು. ಒಬ್ಬರ ಉಪಕಾರ ತಗೊಂಡ ಮೇಲೆ ಹೆಗಲ ಮೇಲೆ ಬಂದು ಕೂರುವ ಭಾರ. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅಂತ ನಮ್ಮ ಹಿರಿಯರೂ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಹಂಗಿನಲ್ಲೇ ಬದುಕುತ್ತಿದ್ದರು. ನಾರ್ವೆಯವರು ಮಾತ್ರ ಆ ಮಾತನ್ನು ಇಡೀ ದೇಶದ ವ್ಯವಸ್ಥೆಯನ್ನಾಗಿ ಕಟ್ಟಿಬಿಟ್ಟಿದ್ದಾರೆ. ಒಂಬತ್ತು ವರ್ಷ ಇಲ್ಲಿದ್ದು ನನಗೆ ಅರ್ಥವಾದ ದೊಡ್ಡ ವಿಷಯ ಇದು. ಇದನ್ನು ನಾನು ತುಂಬಾ ಪ್ರೀತಿಸುತ್ತೇನೆ. ಇದರಿಂದಲೇ ತುಂಬಾ ನೊಂದಿದ್ದೇನೆ.

ಪ್ರೀತಿಯ ಭಾಗ ಮೊದಲು ಹೇಳುತ್ತೇನೆ. ಮಗಳು ಹುಟ್ಟಿದ್ದು ಇಲ್ಲೇ. ಆಸ್ಪತ್ರೆಯಲ್ಲಿ ಒಂದು ಕ್ರೋನೆ ಬಿಲ್ ಕೊಡಲಿಲ್ಲ. ಪೂರ್ತಿ ಸಂಬಳದ ರಜೆ ಬೇಕೆಂದರೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 49 ವಾರ. ಅದರಲ್ಲಿ 15 ವಾರ ಅಪ್ಪನಿಗೇ ಮೀಸಲು. ಅವನು ತಗೊಳ್ಳದಿದ್ದರೆ ಹೋಯಿತು, ಅಮ್ಮನಿಗೆ ಸಿಗುವುದಿಲ್ಲ. 1993ರಲ್ಲಿ ಇದನ್ನು ಶುರು ಮಾಡಿದಾಗ ಅಪ್ಪಂದಿರಿಗೆ ಇದ್ದದ್ದು ನಾಲ್ಕು ವಾರ. ನಮ್ಮವರು ರಜೆ ಹಾಕಿ, ಜಿಟಿಜಿಟಿ ಮಳೆಯಲ್ಲಿ ಮಗುವಿನ ಗಾಡಿ ತಳ್ಳಿಕೊಂಡು ಹೋಗುವುದನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಅಪ್ಪ ನಿಮ್ಮನ್ನು ಎತ್ತಿಕೊಂಡದ್ದೇ ನೆನಪಿಲ್ಲ ಮಗಾ" ಎಂದಳು. ದೂರುವ ದನಿ ಇರಲಿಲ್ಲ ಅದರಲ್ಲಿ. ಅಪ್ಪ ಹೋಗಿ ಆಗಲೇ ಆರು ವರ್ಷವಾಗಿತ್ತು.

ಬಾಣಂತನಕ್ಕೆ ಅಮ್ಮನಿಗೆ ಬರಲಾಗಲಿಲ್ಲ. ಎಣ್ಣೆ ನೀರು ಹಾಕುವವರಿಲ್ಲ, ಹೊಟ್ಟೆಗೆ ಬಟ್ಟೆ ಬಿಗಿಯುವವರಿಲ್ಲ ಅಂತ ಅವಳು ಅಲ್ಲಿ ಅಳುತ್ತಿದ್ದಳು. ಇಲ್ಲಿ ಹತ್ತು ದಿನದೊಳಗೆ ನರ್ಸ್ ಒಬ್ಬರು ತಕ್ಕಡಿ ಹಿಡಿದುಕೊಂಡು ಮನೆಗೇ ಬಂದರು. ಮಗುವನ್ನು ತೂಗಿದರು. ಆಮೇಲೆ ನನ್ನ ಎದುರು ಕೂತು, "ನೀನು ಹೇಗಿದ್ದೀಯ?" ಎಂದು ಕೇಳಿದರು. ಮಗು ಹೇಗಿದೆ ಅಂತ ಎಲ್ಲರೂ ಕೇಳಿದ್ದರು. ನನ್ನನ್ನು ಕೇಳಿದವರು ಅವರೇ ಮೊದಲು. ಕಣ್ಣಲ್ಲಿ ನೀರು ಬಂತು. ಮುಂದಿನ ವಾರ ಆ ನರ್ಸ್ ಇದ್ದ ಆರೋಗ್ಯ ಕೇಂದ್ರದವರು, ಅದೇ ಸುಮಾರಿಗೆ ಹೆತ್ತ ಆರು ಅಮ್ಮಂದಿರನ್ನು ಸೇರಿಸಿ ಒಂದು ಗುಂಪು ಮಾಡಿಕೊಟ್ಟರು. ಇಲ್ಲಿ ಗೆಳೆತನಕ್ಕೂ ಪಂಚಾಯಿತಿಯೇ ದಾರಿ ಮಾಡಿಕೊಡುತ್ತದೆ.

ಯಾರ ಕಾಲಿಗೂ ಬೀಳದೆ ಎಲ್ಲಾ ನಡೆಯಿತು. ಯಾರಿಗೂ ಫೋನ್ ಮಾಡಿಸಲಿಲ್ಲ, ಪರಿಚಯದವರನ್ನು ಹುಡುಕಲಿಲ್ಲ. ಊರಿನಲ್ಲಿ ಅಪ್ಪನ ಆಪರೇಷನ್‌ಗೆ ಅಣ್ಣ ಎಷ್ಟು ಜನರ ಮನೆ ಬಾಗಿಲಿಗೆ ಹೋಗಿದ್ದ ಅಂತ ನನಗೆ ಗೊತ್ತು. ಅವರಲ್ಲಿ ಕೆಲವರ ಋಣ ಇವತ್ತಿಗೂ ತೀರಿಲ್ಲ. ಅವರ ಮನೆಯ ಮದುವೆ, ಉಪನಯನ ಎಲ್ಲದಕ್ಕೂ ಅಣ್ಣ ಹೋಗಿ ಬಡಿಸಿ ಬರುತ್ತಾನೆ.

ಇನ್ನೊಂದು ಭಾಗ. ಹಂಗಿಲ್ಲದಿದ್ದರೆ ಬರಲು ನೆಪವೂ ಇರುವುದಿಲ್ಲ, ಅಲ್ವಾ? ನಮ್ಮಲ್ಲಿ "ಸುಮ್ನೆ ಬಂದೆ" ಅಂತ ಒಂದು ಮಾತಿದೆ. ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗುವ ಅಂತ ಬಂದೆ. ಈ ಮಾತನ್ನು ನಾನು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಊಟಕ್ಕೆ ಕರೆಯುತ್ತಾರೆ, ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಮೂರು ವಾರದ ಆಚೆಯ ಶನಿವಾರಕ್ಕೆ. ಮಕ್ಕಳ ಆಟಕ್ಕೂ ದಿನ ಗೊತ್ತು ಮಾಡಬೇಕು. ಬಸ್ಸಿನಲ್ಲಿ ಒಬ್ಬರು ಕೂತ ಸೀಟಿನ ಪಕ್ಕ ಖಾಲಿ ಇದ್ದರೂ ನಿಂತೇ ಹೋಗುವವರನ್ನು ದಿನಾ ನೋಡುತ್ತೇನೆ.

ಮಳೆ ನನಗೆ ಕಷ್ಟವಾಗಲಿಲ್ಲ. ಬರ್ಗೆನ್‌ನಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಮಳೆ. ನಮ್ಮ ಆಷಾಢದ ಮಳೆಯ ಅಬ್ಬರ ಇದಕ್ಕಿಲ್ಲ, ಆದರೆ ಬಿಡುವುದೂ ಇಲ್ಲ. ಮಳೆಗೆ ಬೇಕಾದ ಹಪ್ಪಳ ಸಂಡಿಗೆ ಊರಿಂದ ಬರುತ್ತದೆ. ಕಷ್ಟವಾದದ್ದು ಡಿಸೆಂಬರ್‌ನ ಮಧ್ಯಾಹ್ನ ಮೂರೂವರೆಯ ಕತ್ತಲೆ. ಎದುರು ಮನೆಗಳ ಕಿಟಕಿಯಲ್ಲಿ ಪರದೆ ಎಳೆದಿರುವುದಿಲ್ಲ. ಪ್ರತಿ ಕಿಟಕಿಗೂ ಒಂದೊಂದು ದೀಪ ಇಟ್ಟಿರುತ್ತಾರೆ. ನೋಡಲು ಎಷ್ಟು ಚೆಂದ! ದೀಪಾವಳಿಯ ಹಾಗೆ. ಅಷ್ಟು ದೀಪ ಇದ್ದೂ ಒಂದು ಮನೆಯ ಬಾಗಿಲೂ ತಟ್ಟುವ ಹಾಗಿಲ್ಲ ಅನ್ನಿಸಿದಾಗ ಎದೆ ಭಾರವಾಗುತ್ತಿತ್ತು. ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಯಾರಾದರೂ ಬಂದಿದ್ದರಾ ಮನೆಗೆ?" ಇಲ್ಲ ಅನ್ನಲು ಬೇಜಾರಾಗಿ ನಾನು ಕೆಲವು ಸಲ ಸುಳ್ಳು ಹೇಳಿದ್ದೇನೆ.

ಬೆಟ್ಟದ ಮೇಲೆ ಮಾತ್ರ ಇವರು ಬೇರೆ ಜನ. ಬರ್ಗೆನ್ ಸುತ್ತ ಏಳು ಬೆಟ್ಟ. ಪೇಟೆಯಲ್ಲಿ ಮುಖ ಎತ್ತಿ ನೋಡದವರು ಫ್ಲೋಯೆನ್ ದಾಟಿ ಮೇಲಿನ ಕಾಲುದಾರಿಗೆ ಬಂದರೆ, ಎದುರು ಸಿಕ್ಕ ಪ್ರತಿಯೊಬ್ಬರಿಗೂ "ಹಾಯ್" ಎನ್ನುತ್ತಾರೆ. ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿದು ಒಂದು ತೊಳೆ ನಮಗೂ ಕೊಡುತ್ತಾರೆ. ಬೇಲಿ ಇಲ್ಲದ ಕಾಡು, ಬೆಟ್ಟ, ತೀರ ಯಾರ ಹೆಸರಿನಲ್ಲಿದ್ದರೂ ಅಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಇದೆ. 1957ರಿಂದ ಅದಕ್ಕೊಂದು ಕಾನೂನೇ ಇದೆ. ಯಾರದೇ ಮನೆಯಿಂದ 150 ಮೀಟರ್ ದೂರದಲ್ಲಿ ಡೇರೆ ಹಾಕಿ ಮಲಗಬಹುದು. ಅಲ್ಲಿ ಯಾರೂ ಯಾರ ಹಂಗಿನಲ್ಲೂ ಇಲ್ಲ. ಅದಕ್ಕೇ ಅಲ್ಲಿ ಅವರ ಬಾಯಿ ಬಿಚ್ಚುತ್ತದೆ ಅಂತ ನನ್ನ ಲೆಕ್ಕ.

ಪಕ್ಕದ ಮನೆಯ ಅಜ್ಜಿ ನನ್ನೊಡನೆ ಸರಿಯಾಗಿ ಮಾತಾಡಿದ್ದು ಮೂರನೇ ವರ್ಷ, ದುಗ್ನಾದ್‌ನ ದಿನ. ದುಗ್ನಾದ್ ಎಂದರೆ ಎಲ್ಲರೂ ಸೇರಿ ಸಂಬಳವಿಲ್ಲದೆ ಮಾಡುವ ಕೆಲಸ. ಶಾಲೆಯಲ್ಲಿ, ಆಟದ ಕ್ಲಬ್ಬಿನಲ್ಲಿ, ವಠಾರದಲ್ಲಿ ಎಲ್ಲೆಲ್ಲೂ ಇದೆ. 2004ರಲ್ಲಿ ಇದನ್ನೇ ದೇಶದ ಪದ ಅಂತ ಆರಿಸಿದರು. ಏಪ್ರಿಲ್‌ನಲ್ಲಿ ನಮ್ಮ ಕಟ್ಟಡದ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಇಂಥ ದಿನ ಸಂಜೆ ಐದಕ್ಕೆ ಬನ್ನಿ, ಕೈಗವಸು ತನ್ನಿ. ಡಾಕ್ಟರ್, ಬಸ್ ಡ್ರೈವರ್, ಕಾಲೇಜಿನ ಮೇಷ್ಟ್ರು, ಎಲ್ಲರೂ ಕುಂಟೆ ಹಿಡಿದು ಚಳಿಗಾಲದ ಎಲೆ ಗೋರುತ್ತಾರೆ. ಬೇಲಿಗೆ ಬಣ್ಣ ಹೊಡೆಯುತ್ತಾರೆ. ಕೊನೆಗೆ ಕಾಫಿ, ಏಲಕ್ಕಿ ಹಾಕಿದ ಬನ್ನು. ಹೌದು, ನಮ್ಮದೇ ಏಲಕ್ಕಿ. ಇವರ ಬನ್ನುಗಳಿಗೆ ಏಲಕ್ಕಿ ಬೇಕೇ ಬೇಕು.

ನನಗೆ ಅಜ್ಜಿಯ ಜೊತೆ ಗುಲಾಬಿ ಗಿಡಗಳ ಬುಡ ಬಿಡಿಸುವ ಕೆಲಸ ಬಂತು. ಮೊಣಕಾಲೂರಿ ಕೂತು, ಮಣ್ಣು ಕೆದಕುತ್ತಾ ಎರಡು ಗಂಟೆ ಮಾತಾಡಿದೆವು. ಅವರು ಹುಟ್ಟಿದ್ದು 1938ರಲ್ಲಿ, ಇದೇ ಊರಿನಲ್ಲಿ. 1944ರ ಏಪ್ರಿಲ್ 20ರಂದು ಇಲ್ಲಿನ ಬಂದರಿನಲ್ಲಿ ಸ್ಫೋಟಕ ತುಂಬಿದ ಹಡಗೊಂದು ಸಿಡಿದು 150ಕ್ಕೂ ಹೆಚ್ಚು ಜನ ಸತ್ತಿದ್ದರು. ಆಗ ನಾರ್ವೆ ಜರ್ಮನ್ನರ ಕೈಯಲ್ಲಿತ್ತು. ಆರು ವರ್ಷದ ಅಜ್ಜಿ ಅಡುಗೆಮನೆಯಲ್ಲಿ ಆಡುತ್ತಿದ್ದರಂತೆ. ಕಿಟಕಿಯ ಗಾಜೆಲ್ಲಾ ಒಳಗೆ ಬಂದು ಬಿತ್ತಂತೆ. ಅವತ್ತು ರಾತ್ರಿ ನೆಂಟರ ಮನೆಯ ಎರಡು ಕೋಣೆಯಲ್ಲಿ ಹನ್ನೊಂದು ಜನ ಮಲಗಿದ್ದರಂತೆ.

"ಆಗ ಬಾಗಿಲು ತಟ್ಟದೆ ಬರುತ್ತಿದ್ದರು ಎಲ್ಲರೂ" ಎಂದರು ಅಜ್ಜಿ. ನನ್ನ ಕೈ ನಿಂತಿತು. ಹಾಗಾದರೆ ಇಲ್ಲೂ ಇತ್ತು! ಮತ್ತೆ ಯಾಕೆ ಬಿಟ್ಟಿರಿ ಅಂತ ಕೇಳಿಯೇಬಿಟ್ಟೆ.

ಅವರು ಸ್ವಲ್ಪ ಹೊತ್ತು ಕಳೆ ಕಿತ್ತರು. ಆಮೇಲೆ ಹೇಳಿದರು. ಅವರ ಅಪ್ಪ ಮೀನಿಗೆ ಹೋದವರು ಮರಳಿ ಬರಲಿಲ್ಲ. ಅಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ಬಡವರ ನಿಧಿಯಿಂದ ದುಡ್ಡು ಕೇಳಬೇಕಾಯಿತು. ಕೇಳಿದವರ ಮನೆಗೆ ಊರಿನ ಗಣ್ಯರು ಬಂದು ನೋಡುತ್ತಿದ್ದರಂತೆ, ನಿಜಕ್ಕೂ ಬಡವರಾ ಅಂತ. ಅಕ್ಕಪಕ್ಕದವರು ಆಲೂಗಡ್ಡೆ ಕೊಡುತ್ತಿದ್ದರು, ಹಳೇ ಕೋಟು ಕೊಡುತ್ತಿದ್ದರು. "ಅಮ್ಮ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದಳು. ದಿನಾ, ಇಡೀ ದಿನ. ರಸ್ತೆಯಲ್ಲಿ ಹೋಗುವಾಗ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. 1967ರಲ್ಲಿ ಸರ್ಕಾರದ ಸಾಮಾಜಿಕ ವಿಮೆಯ ಕಾನೂನು ಬಂದ ಮೇಲೆ ಅವಳಿಗೆ ಪಿಂಚಣಿ ಅಂಚೆಯಲ್ಲಿ ಬಂತು. ಅವತ್ತು ಅವಳು ಕನ್ನಡಿಯ ಮುಂದೆ ನಿಂತು ಟೊಪ್ಪಿ ಸರಿ ಮಾಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ."

ಆ ಟೊಪ್ಪಿಯ ಮಾತು ಕೇಳಿದ ಮೇಲೆ ಖಾಲಿ ಡಬ್ಬಿಯ ಬಗ್ಗೆ ನನಗಿದ್ದ ನೋವು ಹೋಯಿತು. ತಾನು ತಿಂದ ಎಂಟು ತುಂಡಿಗೆ ಒಂದು ಚೀಟಿಯಲ್ಲಿ ಧನ್ಯವಾದ ಹೇಳಿ, ಅಲ್ಲಿಗೆ ಮುಗಿಸುವುದು ಅಂದರೆ ಅವರಿಗೆ ಎಷ್ಟು ದೊಡ್ಡ ಬಿಡುಗಡೆ! ಈ ಭಾಷೆಯಲ್ಲಿ ಎಷ್ಟೊಂದು ಧನ್ಯವಾದಗಳಿವೆ ನೋಡಿ. ಊಟಕ್ಕೆ ಬೇರೆ, ಹಿಂದಿನ ಸಲ ಸಿಕ್ಕಿದ್ದಕ್ಕೆ ಬೇರೆ, ಜೊತೆಗೆ ನಡೆದಾಡಿದ್ದಕ್ಕೆ ಬೇರೆ. ಪ್ರತಿ ಸಲ ಲೆಕ್ಕ ಚುಕ್ತಾ ಮಾಡಿ ಎದ್ದು ಹೋಗುತ್ತಾರೆ. ಕನ್ನಡದಲ್ಲಿ ಅಮ್ಮನಿಗೆ ಧನ್ಯವಾದ ಹೇಳಿದವರುಂಟಾ? ಹೇಳಿದರೆ ಅವಳು ನನಗೇನಾಗಿದೆ ಅಂತ ಹೆದರುತ್ತಾಳೆ.

ನಮ್ಮಲ್ಲಿ ಆ ತೀರದ ಲೆಕ್ಕವನ್ನು ಹೊರುವವರು ಯಾರು ಅಂತಲೂ ಆಮೇಲೆ ಯೋಚಿಸಿದೆ. ನಮ್ಮ ಮನೆಯಲ್ಲಿ ಅತ್ತಿಗೆ. ಅಮ್ಮನಿಗೆ ಈಗ ಎಪ್ಪತ್ತೆಂಟು. ಮಂಡಿ ಬಗ್ಗುವುದಿಲ್ಲ, ರಾತ್ರಿ ಎರಡು ಸಲ ಏಳಿಸಬೇಕು. ಏಳಿಸುವವಳು ಅತ್ತಿಗೆ. ಬಿ.ಎಡ್. ಮಾಡಿದವಳು. ಶಾಲೆಯ ಕೆಲಸ ಸಿಕ್ಕಿತ್ತು, ಬಿಟ್ಟಳು. ಬಂದ ನೆಂಟರಿಗೆಲ್ಲಾ ಚಹಾ ಮಾಡುವವಳು ಅವಳೇ. ನಾನು ಇಲ್ಲಿ ಕೂತು "ಸುಮ್ನೆ ಬಂದೆ" ಅನ್ನುವವರಿಲ್ಲ ಅಂತ ಕೊರಗುತ್ತೇನಲ್ಲಾ, ಅಲ್ಲಿ ಹಾಗೆ ಬಂದವರಿಗೆ ಅವಲಕ್ಕಿ ಕಲಸಲು ನಿದ್ದೆಯಿಂದ ಎದ್ದು ಬರುವವಳು ಅವಳು. ನಾನು ಕಳೆದುಕೊಂಡೆ ಅಂದುಕೊಂಡದ್ದೆಲ್ಲಾ ಅವಳ ಹೆಗಲ ಮೇಲಿದೆ. ಹೋದ ಸಲ ಊರಿಗೆ ಹೋದಾಗ ಇಲ್ಲಿನ ರಜೆ, ವೃದ್ಧರ ಮನೆಗೆ ದಿನಾ ಬರುವ ನರ್ಸು, ಎಲ್ಲಾ ಅವಳಿಗೆ ಹೇಳಿದೆ. ಅವಳು ಹೂವು ಕಟ್ಟುತ್ತಿದ್ದಳು. ತಲೆ ಎತ್ತದೆ, "ಅಲ್ಲಿ ನನ್ನಂಥವರು ಮಧ್ಯಾಹ್ನ ಎಂತ ಮಾಡ್ತಾರೆ?" ಎಂದು ಕೇಳಿದಳು. ಕೆಲಸಕ್ಕೆ ಹೋಗ್ತಾರೆ ಅಂದೆ. ಆಮೇಲೆ ಅವಳು ಏನೂ ಕೇಳಲಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಭಯದ ಬಗ್ಗೆಯೂ ಹೇಳಬೇಕು. ನಾರ್ವೆಯಲ್ಲಿ ಮಕ್ಕಳಿರುವ ಯಾವ ಭಾರತೀಯರನ್ನೇ ಕೇಳಿ, ಒಂದು ಹೆಸರು ಹೇಳುವಾಗ ದನಿ ತಗ್ಗುತ್ತದೆ. ಬಾರ್ನೆವೆರ್ನ್, ಅಂದರೆ ಮಕ್ಕಳ ರಕ್ಷಣೆಯ ಇಲಾಖೆ. 2011ರಲ್ಲಿ ಸ್ತವಾಂಗರ್‌ನಲ್ಲಿ ಭಾರತದ ದಂಪತಿಯ ಇಬ್ಬರು ಚಿಕ್ಕ ಮಕ್ಕಳನ್ನು ಇಲಾಖೆಯವರು ತೆಗೆದುಕೊಂಡು ಹೋದರು. ಕೈಯಲ್ಲಿ ಉಣ್ಣಿಸಿದ್ದು, ಜೊತೆಗೆ ಮಲಗಿಸಿಕೊಂಡದ್ದು ಕೂಡ ತಪ್ಪಾಯಿತು ಅಂತ ಹೆತ್ತವರು ಹೇಳಿದರು. ಎರಡು ದೇಶಗಳ ಸರ್ಕಾರಗಳ ನಡುವೆ ಮಾತುಕತೆಯಾಗಿ 2012ರಲ್ಲಿ ಮಕ್ಕಳು ಭಾರತಕ್ಕೆ ಮರಳಿದರು. ಇದು ಹೊರಗಿನವರ ದೂರು ಮಾತ್ರ ಅಂದುಕೊಳ್ಳಬೇಡಿ. ನಾರ್ವೆಯದ್ದೇ ತಾಯಿಯೊಬ್ಬರು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದರು. ಅವರ ಕುಟುಂಬ ಜೀವನದ ಹಕ್ಕನ್ನು ನಾರ್ವೆ ಮೀರಿದೆ ಎಂದು 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ದೊಡ್ಡ ಪೀಠ ತೀರ್ಪು ಕೊಟ್ಟಿತು. ಆಮೇಲೆ ಇಂಥ ತೀರ್ಪುಗಳು ಇನ್ನೂ ಬಂದವು.

ಮಗಳಿಗೆ ಎರಡು ವರ್ಷವಾದಾಗ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಅವಳು ಹಟ ಮಾಡಿದರೆ ನೀವೇನು ಮಾಡುತ್ತೀರಿ ಎಂದು ನರ್ಸ್ ಮೆತ್ತಗೆ ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ನನ್ನ ಕೈ ತಣ್ಣಗಾಯಿತು. ಅವತ್ತು ಸಂಜೆ ಮೊಸರನ್ನ ಕಲಸಿ ಕೈತುತ್ತು ಕೊಡಲು ಕೂತವಳು, ಎದ್ದು ಹೋಗಿ ಕಿಟಕಿಯ ಪರದೆ ಎಳೆದೆ. ಇಡೀ ಬೀದಿಯಲ್ಲಿ ಪರದೆ ಎಳೆದ ಮನೆ ನಮ್ಮದೊಂದೇ. ಯಾರೂ ನನಗೆ ಏನೂ ಅಂದಿರಲಿಲ್ಲ. ಆದರೂ ಒಂದು ವರ್ಷ ಹಾಗೇ ಪರದೆ ಎಳೆದೇ ಮಗುವಿಗೆ ಉಣ್ಣಿಸಿದೆ. ಅಮ್ಮನ ಹಂಗು, ಅಕ್ಕಪಕ್ಕದವರ ಹಂಗು ಬೇಡ ಅಂತ ಎಲ್ಲವನ್ನೂ ಸರ್ಕಾರದ ಕೈಗೆ ಕೊಟ್ಟ ಮೇಲೆ, ಸರ್ಕಾರದ ಕಣ್ಣೂ ಮನೆಯೊಳಗೆ ಬರುತ್ತದೆ.

ಹಾಗಂತ ಆ ಕಣ್ಣು ಬೇಡವೇ ಬೇಡ ಅನ್ನಲು ನನ್ನಿಂದಾಗುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದ್ದಕ್ಕೆ ನಾಗರಬೆತ್ತದ ಬಾಸುಂಡೆ ನನ್ನ ಕಾಲಿನ ಮೇಲೆ ಒಂದು ವಾರ ಇತ್ತು. ಮನೆಯಲ್ಲಿ ತೋರಿಸಿದರೆ, ಸರಿಯಾಗಿ ಓದು ಅಂದರು. ಮಕ್ಕಳ ಮೇಲೆ ಕೈ ಮಾಡುವುದನ್ನು ನಾರ್ವೆ 1987ರಲ್ಲೇ ಪೂರ್ತಿ ನಿಷೇಧಿಸಿದೆ. ಮಗಳಿಗೆ ಈಗ ಎಂಟು ವರ್ಷ. ದೊಡ್ಡವರು ಕೈ ಎತ್ತಿದರೆ ತಲೆ ತಗ್ಗಿಸಿಕೊಳ್ಳಬೇಕು ಅಂತ ಅವಳ ಮೈಗೆ ಗೊತ್ತೇ ಇಲ್ಲ. ಅದನ್ನು ನೋಡಿದಾಗೆಲ್ಲಾ ಈ ದೇಶಕ್ಕೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಭಾಷೆಯ ವಿಷಯದಲ್ಲೂ ನನಗೆ ಹೀಗೇ ಆಯಿತು. ಬೆಂಗಳೂರಿಗೆ ಓದಲು ಹೋದಾಗ ನನ್ನ ಕುಂದಗನ್ನಡ ಕೇಳಿ ನಕ್ಕಿದ್ದರು. ಒಂದೇ ತಿಂಗಳಲ್ಲಿ "ಹ್ವಾಯ್", "ಕಾಣಿ" ಎಲ್ಲಾ ನುಂಗಿಕೊಂಡೆ. ಇಲ್ಲಿ ಬಂದು ನೋಡಿದರೆ ಸಂಸತ್ತಿನಲ್ಲೂ ಟಿವಿ ಚರ್ಚೆಯಲ್ಲೂ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಮಾತೇ ಆಡುತ್ತಾರೆ. ಬರೆಯಲು ಎರಡು ರೂಪಗಳಿವೆ. ಮಾತಿಗೆ ಇಂಥದ್ದೇ ಸರಿ ಅಂತಿಲ್ಲ. ಮಕ್ಕಳಿಗೆ ಆದಷ್ಟು ಅವರ ಆಡುಮಾತಿನಲ್ಲೇ ಕಲಿಸಬೇಕು ಎಂದು 1878ರಲ್ಲೇ ಇಲ್ಲಿನ ಸಂಸತ್ತು ಹೇಳಿತ್ತು. ಇದನ್ನು ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಿ, ಒಂದು ಗಂಟೆ ಅಪ್ಪಟ ಕುಂದಗನ್ನಡದಲ್ಲಿ ಮಾತಾಡಿದೆ.

ಇನ್ನೊಂದು ಇಸವಿ ಆಮೇಲೆ ಗೊತ್ತಾಯಿತು. ಅದಾಗಿ ಬರೀ ಎರಡು ವರ್ಷಕ್ಕೆ, 1880ರಲ್ಲಿ, ಉತ್ತರದಲ್ಲಿ ತಮ್ಮದೇ ಭಾಷೆ ಆಡುವ ಸಾಮಿ ಮತ್ತು ಕ್ವೆನ್ ಸಮುದಾಯಗಳ ಮಕ್ಕಳೆಲ್ಲಾ ನಾರ್ವೇಜಿಯನ್ ಕಲಿಯಲೇಬೇಕು ಎಂಬ ಆದೇಶ ಬಂತು. ಮುಂದಿನ ಹಲವು ದಶಕ ಆ ಮಕ್ಕಳು ವಸತಿಶಾಲೆಗಳಲ್ಲಿ ತಮ್ಮ ತಾಯಿಯ ಮಾತು ಕಳೆದುಕೊಂಡರು. ಒಂದೇ ದೇಶ, ಒಂದೇ ಕಾಲ. ಒಬ್ಬರ ಮಗುವಿಗೆ ಸಿಕ್ಕಿದ್ದನ್ನೇ ಇನ್ನೊಬ್ಬರ ಮಗುವಿನಿಂದ ಕಿತ್ತುಕೊಂಡರು. ಇದನ್ನು ಪರಿಶೀಲಿಸಿದ ಆಯೋಗ 2023ರ ಜೂನ್‌ನಲ್ಲಿ ವರದಿ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಸಂಸತ್ತು ಕ್ಷಮೆ ಕೇಳಿತು. ತಪ್ಪನ್ನು ಬರೆದಿಟ್ಟು, ಎಲ್ಲರೆದುರು ಓದಿ ಒಪ್ಪಿಕೊಳ್ಳುವುದು ದೊಡ್ಡ ಗುಣವೇ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಆ ಮಾತು ಆಡುವವರೇ ಉಳಿದಿರಲಿಲ್ಲ.

ನಾರ್ವೆಯ ಪೆಟ್ರೋಲಿಯಂ ಎಣ್ಣೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಕಥೆ. 1969ರ ಕೊನೆಯಲ್ಲಿ ಉತ್ತರ ಸಮುದ್ರದ ಎಕೊಫಿಸ್ಕ್‌ನಲ್ಲಿ ಸಿಕ್ಕಿತು. ಬಂದ ದುಡ್ಡನ್ನು ಖರ್ಚು ಮಾಡಿ ಮುಗಿಸದೆ, 1990ರಲ್ಲಿ ಕಾನೂನು ಮಾಡಿ ಒಂದು ನಿಧಿ ಕಟ್ಟಿದರು. ಆ ನಿಧಿಯ ಮೂಲಕ ಇವತ್ತು ಪ್ರಪಂಚದ ಷೇರುಗಳಲ್ಲಿ ಸುಮಾರು ಶೇ. 1.5 ಪಾಲು 55 ಲಕ್ಷ ಜನರ ಈ ಪುಟ್ಟ ದೇಶದ್ದು. ಇಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಹತ್ತಿರ ಹತ್ತಿರ ಒಂಬತ್ತು ಬ್ಯಾಟರಿಯವು. ಎಣ್ಣೆ, ಗ್ಯಾಸು ಹಡಗಿನಲ್ಲಿ, ಕೊಳವೆಯಲ್ಲಿ ಹೊರಗೆ ಹೋಗಿ ಬೇರೆ ಕಡೆ ಉರಿಯುತ್ತದೆ. ಆ ಬಿಸಿಗೆ ಕಡಲೂ ಏರುತ್ತದೆ. ಕಡಲ್ಕೊರೆತಕ್ಕೆ ಕಾರಣ ಹಲವು. ಆದರೂ ಮರವಂತೆಯಲ್ಲಿ ಕಡಲಿಗೆ ಬಂಡೆ ಸುರಿಯುವುದನ್ನು ನೋಡುತ್ತಾ ಬೆಳೆದವಳು ನಾನು. ಇಲ್ಲಿನ ಶುದ್ಧ ಗಾಳಿಯನ್ನು ಉಸಿರಾಡುವಾಗ ಆ ಬಂಡೆಗಳು ನೆನಪಾಗುತ್ತವೆ.

ಆದರೆ ಒಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಫಾರೂಕ್ ಅಲ್-ಖಾಸಿಂ. ಇರಾಕ್‌ನ ಭೂವಿಜ್ಞಾನಿ, ಹೆಂಡತಿ ನಾರ್ವೆಯವರು. ಅವರ ಚಿಕ್ಕ ಮಗನಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಚಿಕಿತ್ಸೆಗೆಂದು ಒಳ್ಳೆಯ ಕೆಲಸ ಬಿಟ್ಟು 1968ರಲ್ಲಿ ಇಲ್ಲಿಗೆ ಬಂದರು. ಹೆಂಡತಿಯ ಊರಿನ ರೈಲು ಸಂಜೆಗಿತ್ತು. ನಡುವೆ ಸಿಕ್ಕ ಹೊತ್ತಿನಲ್ಲಿ ಓಸ್ಲೋದ ಕೈಗಾರಿಕಾ ಸಚಿವಾಲಯಕ್ಕೆ ಹೋಗಿ, ಎಣ್ಣೆ ಹುಡುಕುತ್ತಿರುವ ಕಂಪನಿಗಳು ಯಾವುವು ಅಂತ ವಿಚಾರಿಸಿದರು. ಅಲ್ಲಿದ್ದವರಿಗೆ ಸಮುದ್ರದಿಂದ ಬಂದ ಮಾಹಿತಿಯನ್ನು ಓದಲು ತಿಳಿದವರೇ ಬೇಕಾಗಿದ್ದರು. ಅವರನ್ನೇ ಸೇರಿಸಿಕೊಂಡರು. 1972ರಲ್ಲಿ ಸರ್ಕಾರದ ತೈಲ ಕಂಪನಿ, ಅದನ್ನು ನೋಡಿಕೊಳ್ಳಲು ಬೇರೆಯದೇ ಇಲಾಖೆ, ಹೀಗೆ ಎರಡನ್ನೂ ಬೇರೆ ಬೇರೆ ಇಟ್ಟ ಯೋಜನೆ ಬರೆದವರಲ್ಲಿ ಅವರೂ ಒಬ್ಬರು. ಊರಿಗೆ ಯಾವಾಗ ವಾಪಸ್ ಹೋಗುತ್ತೀರಿ ಅಂತ ಯಾರಾದರೂ ನನ್ನನ್ನು ಕೇಳಿದಾಗ, ಒಳ್ಳೆಯ ಮನಸ್ಸಿಂದ ಕೇಳಿದಾಗಲೂ, ನನಗೆ ರೈಲಿಗೆ ಕಾಯುತ್ತಿದ್ದ ಆ ತಂದೆಯ ನೆನಪು ಬರುತ್ತದೆ. ಈ ದೇಶ ಅವರ ಹಂಗಿನಲ್ಲಿದೆ. ಶಾಲೆಯಲ್ಲಿ ಮಕ್ಕಳಿಗೆ ಆ ಹೆಸರು ಹೇಳಿಕೊಟ್ಟರೆ ನನಗೆ ಎಷ್ಟು ಖುಷಿಯಾದೀತು.

ಹೋದ ಫೆಬ್ರವರಿಯಲ್ಲಿ ಅಜ್ಜಿ ಮೆಟ್ಟಿಲ ಹತ್ತಿರ ಹಿಮಗಡ್ಡೆಯ ಮೇಲೆ ಜಾರಿ ಬಿದ್ದರು. ಅವರ ಮಣಿಕಟ್ಟಿನಲ್ಲಿ ಗಡಿಯಾರದಂಥ ಪಟ್ಟಿ ಇದೆ, ನಡುವೆ ಒಂದು ಕೆಂಪು ಗುಂಡಿ. ಒಬ್ಬರೇ ಇರುವ ವಯಸ್ಸಾದವರಿಗೆ ಪಂಚಾಯಿತಿಯವರು ಕೊಡುತ್ತಾರೆ. ಗುಂಡಿ ಒತ್ತಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ಬಂದು ಎತ್ತಿಕೊಂಡು ಹೋಗಿದ್ದಾರೆ. ನಾನು ಗೋಡೆಯ ಈಚೆ ಸೊಪ್ಪು ಹೆಚ್ಚುತ್ತಿದ್ದೆ. ನನಗೆ ಗೊತ್ತಾದದ್ದು ಮಾರನೇ ದಿನ.

ಗಂಜಿ, ಸ್ವಲ್ಪ ನಿಂಬೆ ಉಪ್ಪಿನಕಾಯಿ ಹಿಡಿದುಕೊಂಡು ಮಗಳ ಜೊತೆ ಆಸ್ಪತ್ರೆಗೆ ಹೋದೆ. ಅಜ್ಜಿ ಸಂತೋಷಪಟ್ಟರು. ಆಮೇಲೆ ಮುಖದಲ್ಲಿ ಚಿಂತೆ ಬಂತು. "ಇದಕ್ಕಾಗಿ ಕೆಲಸಕ್ಕೆ ರಜೆ ಹಾಕಿದೆಯಾ?" ಎಂದು ಕೇಳಿದರು. ನನ್ನನ್ನು ಯಾಕೆ ಕೂಗಲಿಲ್ಲ, ನಾನು ಅಲ್ಲೇ ಇದ್ದೆನಲ್ಲಾ ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. "ನೀನು ಅಡುಗೆ ಮಾಡುವ ಹೊತ್ತು ಅದು. ಪರಿಮಳ ಬರುತ್ತಿತ್ತು" ಎಂದರು.

ಮಗ ಬರುತ್ತಾನಾ ಅಂತ ಕೇಳಿದೆ. ಭಾನುವಾರ ಬರುತ್ತಾನೆ, ಪ್ರತಿ ಭಾನುವಾರ ತಪ್ಪದೆ ಬರುತ್ತಾನೆ ಅಂದರು. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ಮಗಳು ಅವರ ಮಂಚದ ಅಂಚಿನಲ್ಲಿ ಕೂತು, ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಕೂತೆವು. ಹೊರಗೆ ಕತ್ತಲೆ, ಗಾಜಿನ ಮೇಲೆ ಮಳೆ. ಸುಮಾರು ದೂರ ಬಂದ ಮೇಲೆ ಮಗಳು ಕನ್ನಡದಲ್ಲಿ, "ಅಮ್ಮಾ, ನೀನು ಅಜ್ಜಿ ಆದಾಗ ನಾನು ನಿಂಗೆ ಆ ಗುಂಡಿ ತಂದುಕೊಡ್ತೇನೆ" ಎಂದಳು. ಅವಳಿಗೆ ಅದು ದೊಡ್ಡ ಉಡುಗೊರೆ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಆಯ್ತು ಮಗಾ" ಅಂದೆ. ಸ್ವಲ್ಪ ತಡೆದು, "ಒತ್ತಿದರೆ ಯಾರು ಬರ್ತಾರೆ?" ಎಂದು ಕೇಳಿದೆ.

"ನರ್ಸ್ ಬರ್ತಾರೆ" ಎಂದಳು. "ಆಮೇಲೆ ಭಾನುವಾರ ನಾನು ಬರ್ತೇನೆ."